ಎದುರಂಗಡಿಯ ಸಲಹೆಗಾರ

ಎಪ್ಪತ್ತರ ದಶಕದಲ್ಲೊಮ್ಮೆ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಸಲಹೆ ಕೊಡಲು ಅರ್ಥಶಾಸ್ತ್ರಜ್ಞರ ಜೊತೆ ಒಬ್ಬ ಕೊಬ್ಬರಿ ವ್ಯಾಪಾರಿಯೂ ಇರಲೆಂದು ಅಧಿಕಾರಿಯೊಬ್ಬರು ಹುಡುಕಿಕೊಂಡು ತಿಪಟೂರಿನ ನನ್ನ ಅಂಗಡಿಗೆ ಬಂದರು.

“ಯಾರನ್ನ ಆರಿಸಬಹುದಮ್ಮ?”

ದಿನವೂ ಪೇಪರು ಓದಿಯೇ ಅರ್ಥಶಾಸ್ತ್ರ ಕಲಿತವಳು ನಾನು. “ನನ್ನನ್ನೇ ಆರಿಸಿ” ಎಂದೆ.

ಅವರು ನಕ್ಕರು. “ಗಂಡಸರಲ್ಲಿ ಹೇಳಿ.”

ಸಿಟ್ಟು ನೆತ್ತಿಗೇರಿತು. ಆದರೂ ಬಾಯಿಗೆ ಬಂದದ್ದು ಎದುರಂಗಡಿಯ ಚನ್ನಬಸಪ್ಪನವರ ಹೆಸರು. ಒಣಗಲೆಂದು ಇಟ್ಟಿದ್ದ ಅಟ್ಟದಿಂದ ಇಳಿಸಿದ ನನ್ನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಸದ್ದು ಮಾಡದಿದ್ದರೆ, “ಇನ್ನೂ ಒಣಗಿಲ್ಲ ಕಣವ್ವ, ಒಡೀಬ್ಯಾಡ” ಎಂದು ಗಿರಾಕಿಗಳ ಮುಂದೆಯೇ ಹೇಳುವ ಮನುಷ್ಯ. ಅದಕ್ಕೇ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

“ನಿಮಗೆ ಬೇಕಾದವರಾ?”

“ಆಗದವರು. ಆದ್ರೆ ಮುಲಾಜಿಲ್ಲದೆ ಹೇಳ್ತಾರೆ.”

ಅವರನ್ನೇ ಆರಿಸಿ ರಾಜಧಾನಿಗೆ ಕರೆಸಿಕೊಂಡರು. ಅವರಿಲ್ಲದ ಬೀದಿ ಬಣಗುಟ್ಟಿತು. ಕಾಯಿ ಒಡೆಯುವಾಗೆಲ್ಲ ನನ್ನ ಕಣ್ಣು ಆ ಮುಚ್ಚಿದ ಬಾಗಿಲ ಕಡೆಗೇ ಹೋಗುತ್ತಿತ್ತು. ಕೆಲವೇ ತಿಂಗಳಲ್ಲಿ ಅವರು ನೇರ ನನ್ನ ಅಂಗಡಿಗೇ ಬಂದು ನಿಂತರು.

ಮಾತು ಬಿಟ್ಟದ್ದು ಮರೆತು, “ಏನಾಯ್ತು?” ಎಂದೆ.

“ಹೊಸ ಖರ್ಚು ಈಗ ಬ್ಯಾಡ ಅಂದೆ. ಹೌದು ಅನ್ನೋರು ಅವರಿಗೆ ಬೇಕಾಗಿತ್ತು. ಕಳಿಸಿಬುಟ್ರು ಕಣವ್ವ.” ಹಾಗೆನ್ನುತ್ತಲೇ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದರು. “ಇದೂ ಒಣಗಿಲ್ಲ.”

“ನನ್ನ ಕಾಯಿ ನನಗೆ ಗೊತ್ತು, ಬುಡಿ” ಎಂದು ರೇಗಿದೆ. ಅವರು ಅತ್ತ ಹೋದ ಮೇಲೆ ಇಡೀ ರಾಶಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದೆ.

ಈಗ ಅವರಿಲ್ಲ. ಆ ಅಂಗಡಿಯಲ್ಲಿ ಮೊಬೈಲು ಮಾರುತ್ತಾರೆ. ನನ್ನ ಕಾಯಿಯನ್ನು ನಾನೇ ಅಲ್ಲಾಡಿಸಿ, ನಾನೇ ಬೈದುಕೊಳ್ಳಬೇಕು.