ದೊಡ್ಡಪ್ಪನ ಮರದ ಪಾರ್ಟಿಷನ್

ಸ್ನೇಹಿತರೇ, ಭದ್ರಾವತಿ ದೊಡ್ಡಪ್ಪನ ಮನೆ ಹಾಲಿಗೆ ಮರದ ಪಾರ್ಟಿಷನ್ ಬಂದಿದೆ. ಊಟದ ಹೊತ್ತಿಗೆ ಯಾರಾದ್ರೂ ಬಂದ್ರೆ "ಬನ್ನಿ, ಊಟಕ್ಕೆ ಕೂತ್ಕೊಳ್ಳಿ" ಅನ್ನಲೇಬೇಕಲ್ಲ, ಆ ಕಷ್ಟ ತಪ್ಪಲಿ ಅಂತ. ಮೈತುಂಬಾ ನವಿಲು, ಬಳ್ಳಿ ಕೆತ್ತನೆ. ಅಂದ್ರೆ ಮೈತುಂಬಾ ತೂತು.

ಇವತ್ತು ಮಧ್ಯಾಹ್ನ ಹೋದೆ. ಈ ಕಡೆ ಕುರ್ಚೀಲಿ ನಾನು, ಆ ಕಡೆ ತಟ್ಟೆ ಮುಂದೆ ತುತ್ತು ಹಿಡಿದು ಕಲ್ಲಾದ ದೊಡ್ಡಪ್ಪ. ದೊಡ್ಡಮ್ಮ ಬಲಗೈಯನ್ನ ಸೆರಗಲ್ಲಿ ಮುಚ್ಚಿಕೊಂಡು ಬಂದು, "ನಿನ್ನ ಊಟ ಆಗಿರ್ಬೇಕಲ್ವಾ?" ಅಂದ್ರು.

"ನಿಮ್ದು?" ಅಂದೆ.

"ಇನ್ನೂ ಅಡುಗೇನೇ ಆಗಿಲ್ಲ ಮಾರಾಯ!"

ಅಷ್ಟರಲ್ಲಿ ದೊಡ್ಡಪ್ಪ ತುತ್ತು ನುಂಗಿ ಆ ಕಡೆಯಿಂದಲೇ ಕೂಗಿದ್ರು: "ಪಾರ್ಟಿಷನ್ ಹೇಗಿದೆಯೋ? ಅಲ್ಲಿಂದ ಏನೂ ಕಾಣಲ್ಲ, ಅಲ್ವಾ?"

"ಏನೂ ಕಾಣಲ್ಲ ದೊಡ್ಡಪ್ಪ. ಉಪ್ಪಿನಕಾಯಿ ಮಾವಿನದೋ ನಿಂಬೆದೋ, ಅದೊಂದು ಗೊತ್ತಾಗ್ತಿಲ್ಲ!"