ಈಜು ಬಾರದ ಮಿಸ್ತ್ರಿ

ಮಿಸ್ತ್ರಿ ಕಾಕಾರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಎಂದೋ ಜನರೇಟರಿನ ಬೆಲ್ಟಿಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳಿನಿಂದಲೇ ಅವರು ಸ್ಪಾರ್ಕ್ ಪ್ಲಗ್ಗಿನ ತುದಿ ಸವರಿ, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಮಾತು ಏನಿದ್ದರೂ ಆಮೇಲೆ.

ಬೈರಿದೇವರಕೊಪ್ಪದಲ್ಲಿ ಅವರ ಅಂಗಡಿ. ಔಷಧ ಹೊಡೆಯುವ ಪಂಪು, ಜನರೇಟರು, ಹಳೆಯ ಸ್ಕೂಟರು ರಿಪೇರಿ ಮಾಡುತ್ತಿದ್ದರು. ನಾನು ರಕ್ಷಣಾ ದಳದಲ್ಲಿ ದೋಣಿ ನಡೆಸುವವನು. ನಮ್ಮ ದೋಣಿಯ ಇಂಜಿನ್ನನ್ನು ಮೊದಲ ಸಲ ಹೊತ್ತೊಯ್ದಾಗ, "ಕಾಕಾ, ಇದು ನೀರಾಗಿಂದು, ನಿಮಗ ಆಗತೈತೇನ್ರಿ?" ಎಂದು ಅನುಮಾನದಿಂದಲೇ ಕೇಳಿದ್ದೆ.

"ಪೆಟ್ರೋಲ್ ಕುಡಿತೈತಿಲ್ಲೋ? ಕಿಡಿ ಬೇಡತೈತಿಲ್ಲೋ? ಮತ್ತ ನೀರಾಗಿದ್ರೇನು, ರಸ್ತೇದಾಗಿದ್ರೇನು?"

ಅಂದಿನಿಂದ ಬಿಡುವಾದಾಗಲೆಲ್ಲ ಅಲ್ಲಿ ಕುಳಿತು ಕಲಿತೆ. "ಚಾಲೂ ಆಗಲಿಲ್ಲ ಅಂದ್ರ ಸಿಟ್ಟಿಗೇಳಬ್ಯಾಡ. ಕಿಡಿ ಐತೋ ಇಲ್ಲೋ, ಮೊದಲ ಅದನ್ನ ನೋಡು," ಎನ್ನುತ್ತಿದ್ದರು.

ಒಂದು ಮಳೆಗಾಲ ಹಳ್ಳ ಉಕ್ಕಿ ಹೊಲಗಳನ್ನು ನುಂಗಿತು. ಅತ್ತೆ ಸೊಸೆ ಇಬ್ಬರು ಪಂಪಿನ ಮನೆಯ ತಾರಸಿ ಹತ್ತಿ ಕುಳಿತಿದ್ದರು. ನಮ್ಮ ಇಂಜಿನ್ ಏಳಲೊಲ್ಲದು. ಇನ್ನೊಂದು ದೋಣಿ ಬೇರೆ ಊರಿಗೆ ಹೋಗಿತ್ತು. ಆ ಸೆಳವಿನಲ್ಲಿ ಹುಟ್ಟು ಹಾಕಿ ಹೋಗುವಂತಿರಲಿಲ್ಲ. ಪ್ಲಗ್ ಬದಲಿಸಿದೆ, ಹಗ್ಗ ಎಳೆದೆಳೆದು ಅಂಗೈ ಸುಲಿಯಿತು. ಕೊನೆಗೆ ಕಾಕಾಗೆ ಫೋನ್ ಮಾಡಿದೆ. ಒಂದು ತಾಸಿನೊಳಗೆ ಯಾರದೋ ಜೀಪಿನಲ್ಲಿ ಬಂದಿಳಿದರು.

ಪ್ಲಗ್ ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿಟ್ಟು, "ಎಳಿ," ಎಂದರು. ಕಿಡಿಯಿಲ್ಲ. ಒಂದೊಂದೇ ವೈರನ್ನು ಬೆರಳಿನಲ್ಲಿ ಹಿಡಿದು ಬಂದು, ಇಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರು ಕಳಚಿದರು. "ಈಗ ಎಳಿ." ನೀಲಿ ಕಿಡಿ ಚಟ್ಟನೆ ಹಾರಿತು.

"ಸ್ವಿಚ್ಚಿನ್ಯಾಗ ನೀರು ಹೊಕ್ಕೈತಿ. ಅದಕ್ಕ ಕಿಡಿ ಬರಗೊಡವಲ್ದಾಗಿತ್ತು."

ಆ ಸ್ವಿಚ್ಚಿಗೊಂದು ದಾರ ಇರುತ್ತದೆ. ಅದನ್ನು ದೋಣಿ ನಡೆಸುವವನ ಕೈಗೆ ಕಟ್ಟಿರುತ್ತಾರೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಇಂಜಿನ್ ತಾನಾಗಿ ನಿಲ್ಲುತ್ತದೆ. ವೈರು ಕಳಚಿದ್ದರಿಂದ ಈಗ ಅದು ಹಾಗೆ ನಿಲ್ಲುವಂತಿರಲಿಲ್ಲ. ನಾನು ಹತ್ತಿದೆ. ನೋಡಿದರೆ ಕಾಕಾ ಕೂಡ ತೇಲುವ ಜಾಕೀಟು ಬಿಗಿದುಕೊಂಡು ಇಂಜಿನ್ನಿನ ಪಕ್ಕ ಬಂದು ಕುಳಿತಿದ್ದಾರೆ.

"ಕಾಕಾ, ಇಳೀರಿ. ನಿಮಗ ಈಜು ಬರೂದಿಲ್ಲ."

"ಬರೂದಿಲ್ಲ. ಆದರ ಆ ವೈರ್ ತಗದಾಂವ ನಾನು. ನೀ ಬಿದ್ರ ಇದನ್ನ ನಿಲ್ಲಸವರು ಯಾರು? ದಂಡಿ ಮ್ಯಾಲ ನಾ ಹೆಂಗ ನಿಂದರ್ಲಿ? ನಡಿ."

ಹೋಗುವಾಗ, ಬರುವಾಗ, ಅವರ ಕೈ ಚೋಕಿನ ಗುಂಡಿಯ ಮೇಲೇ ಇತ್ತು. ಅದನ್ನು ಎಳೆದರೆ ಗಾಳಿಯ ದಾರಿ ಮುಚ್ಚಿ ಇಂಜಿನ್ ನಿಲ್ಲುತ್ತದೆ. ತುಟಿ ಶಿವನಾಮ ಮಣಮಣಿಸುತ್ತಿತ್ತು. ದೋಣಿಗಿಳಿದ ಅತ್ತೆ ಹೆದರಿ ಅವರ ಕೊರಳಿಗೇ ಜೋತುಬಿದ್ದಳು. ಒಂದು ಕೈಯಿಂದ ಆಕೆಯನ್ನು ಹಿಡಿದರೇ ಹೊರತು ಇನ್ನೊಂದನ್ನು ಗುಂಡಿಯಿಂದ ತೆಗೆಯಲಿಲ್ಲ. ದಂಡೆ ಮುಟ್ಟಿದ ಮೇಲೆ ಕೆಸರಿನಲ್ಲೇ ಕುಸಿದು ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಲಗೂ ಹೊಸಾ ಸ್ವಿಚ್ ತರಸು. ಹಿಂಗ ಎರಡನೇ ಸಲ ಓಡಸಬ್ಯಾಡ."

ಹೋದ ಮಳೆಗಾಲ ಅವರು ಪುಪ್ಪುಸದ ಬೇನೆಯಿಂದ ಆಸ್ಪತ್ರೆಯಲ್ಲಿದ್ದರು. ನಾನು ದೂರದ ಊರಿನಲ್ಲಿ ನೆರೆಯ ಕೆಲಸದಲ್ಲಿದ್ದೆ. ಕಾಕಾ ತೀರಿಹೋದರೆಂಬ ಫೋನು ಬಂದಾಗ ದೋಣಿ ನೀರಿನಲ್ಲಿತ್ತು. ಬಿಟ್ಟು ಬರಲಾಗಲಿಲ್ಲ. ಮೂರು ದಿನದ ಮೇಲೆ ಅವರ ಮನೆಗೆ ಹೋದಾಗ ಮಣ್ಣು ಮಾಡಿ ಆಗಿತ್ತು.

"ತಪ್ಪಾತ್ರಿ ಕಾಕು, ಬರಾಕ ಆಗಲಿಲ್ಲ," ಎಂದೆ ಅವರ ಹೆಂಡತಿಗೆ. ಕಾಕು ನನ್ನನ್ನು ಹತ್ತಿರ ಕೂಡಿಸಿಕೊಂಡರು.

"ಕಡೀ ದಿನಾನೂ ನಿನ್ನ ಕೇಳಿದ್ರಪಾ. 'ಇಂಜಿನ್ ಚಾಲೂ ಆತಂತೇನು?' ಅಂದ್ರು. ನನಗೇನ್ ಗೊತ್ತು? ಸಮಾಧಾನ ಆಗ್ಲಿ ಅಂತ 'ಆತಂತ್ರಿ' ಅಂದೆ." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಖರೇನ ಆಗಿತ್ತೇನು?"

"ಆಗಿತ್ರಿ ಕಾಕು," ಎಂದೆ. "ಆಮ್ಯಾಲಿನ ಮೂರೂ ದಿನಾನೂ ಚಾಲೂ ಆತು."