ಬಾಬಾಲಾಲನ ಹೆಸರಿನ ಚೀಟಿ

ಮಿರಜಿನಲ್ಲಿ ತಂತಿ ಮಾರಿಕೊಂಡು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ತಂಬೂರಿ ಮಾಡುವ ಬಾಬಾಲಾಲ್ ಶಿಕಲಗಾರನಷ್ಟು ಹಟದ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಜೋಡಿಗೆ ಅವನಿಗೆ ಎರಡು ತಿಂಗಳು ಬೇಕು. ತಂತಿ ಕೂರುವ ಕುದುರೆಯ ಮೈ ಉಜ್ಜಿ ಉಜ್ಜಿ ನಾದ ಬಿಡಿಸುವ ಜವಾರಿ ಕೆಲಸಕ್ಕೇ ವಾರ ಹಿಡಿಯುತ್ತಿತ್ತು.

ಅದರಲ್ಲಿ ಮನೆ ನಡೆಯಲಿಲ್ಲ. ಆಗ ವ್ಯಾಪಾರಿ ವಾಘಚೌರೆ ಬಂದು, ತಿಂಗಳಿಗೆ ಹತ್ತು ತಂಬೂರಿ ಕೊಡು, ಹೋಟೆಲಿನವರು ಗೋಡೆಗೆ ಒರಗಿಸಿಡುತ್ತಾರೆ, ನುಡಿಸುವವರು ಯಾರೂ ಇಲ್ಲ ಎಂದ. ಬಾಬಾಲಾಲ್ ಒಪ್ಪಿದ. ಅವುಗಳಿಗೆ ತನ್ನ ಹೆಸರಿನ ಚೀಟಿ ಮಾತ್ರ ಅಂಟಿಸಕೂಡದು ಎಂದು ಮಾತು ತೆಗೆದುಕೊಂಡ. ನಾದ ಬಾರದ ಹಸಿ ಮರದಲ್ಲೇ ಎರಡು ವರ್ಷ ಮಾಡಿಕೊಟ್ಟ.

ಒಂದು ಮಧ್ಯಾಹ್ನ ಪುಣೆಯಿಂದ ವಯಸ್ಸಾದ ಗಾಯಕಿಯೊಬ್ಬರು ಶಿಷ್ಯೆಯರ ಜೊತೆ ಬಂದಿಳಿದರು. ನಾನು ಅಲ್ಲೇ ಇದ್ದೆ. ತಂದ ತಂಬೂರಿಯನ್ನು ಅವನ ಮುಂದಿಟ್ಟು ಕೇಳಿದರು: “ನನ್ನ ಗುರುಗಳಿಗೆ ನಿಮ್ಮಪ್ಪ ತಂಬೂರಿ ಮಾಡಿಕೊಟ್ಟಿದ್ರು. ವಾಘಚೌರೆ ಅಂಗಡೀಲಿ ಕೊಂಡ ಇದು ನಿನ್ನ ಕೈದೇನಪ್ಪಾ?”

ಚೀಟಿಯಲ್ಲಿ ಅವನದೇ ಹೆಸರಿತ್ತು. ಮೀಟಿದ. ಕಟ್ಟಿಗೆ ಬಡಿದ ಸದ್ದು. ಅಲ್ಲ ಎನ್ನುವಂತಿರಲಿಲ್ಲ, ಮಾಡಿದ್ದು ಅವನೇ. “ಹೌದು, ತಾಯಿ” ಎಂದ. ಅವರು ತಂಬೂರಿಯನ್ನು ಶಿಷ್ಯೆಯರ ಕೈಗೆ ಕೊಟ್ಟು ಹೊರಟುಹೋದರು. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೇನೋ.

ವಾಘಚೌರೆಯ ಹತ್ತಿರ ಹೋಗಿ ಜಗಳ ತೆಗೆ ಎಂದು ಹೆಂಡತಿ ರಜ್ಜಬಿ ಹೇಳಿದಳು. ಇವನು ಹೋಗಲಿಲ್ಲ. ಸಿಕ್ಕಾಗ ನಗುತ್ತಲೇ ಮಾತಾಡಿಸಿದ, ಹಸಿ ಮರದ ತಂಬೂರಿಗಳನ್ನೂ ಎಂದಿನಂತೆ ಕೊಡುತ್ತ ಬಂದ. ಏಳು ತಿಂಗಳು ಕಾದ.

ಸಾಂಗಲಿಯ ಸಭೆಯೊಂದರಲ್ಲಿ ವಾಘಚೌರೆಗೆ ‘ವಾದ್ಯಗಳ ರಕ್ಷಕ’ ಎಂದು ಸನ್ಮಾನ ನಿಗದಿಯಾಯಿತು. ವೇದಿಕೆಗೆ ಒಳ್ಳೆಯ ಜೋಡಿ ಬೇಕೆಂದು ಅವನೇ ಬಾಬಾಲಾಲನಿಗೆ ಹೇಳಿಕಳಿಸಿದ. ಬಾಬಾಲಾಲ್ ತನ್ನ ಬದುಕಿನಲ್ಲೇ ಮಾಡಿರದಂಥ ಜೋಡಿ ಮಾಡಿದ. ಆ ಜೋಡಿ ಮೀಟಿದರೆ ಮೈ ಜುಮ್ಮೆನ್ನುತ್ತಿತ್ತು. ಸಭೆಯ ದಿನ ತಾನೇ ಹೊತ್ತುಕೊಂಡು ಹೋದ. ಜೊತೆಗೆ ವಾಘಚೌರೆಯ ಅಂಗಡಿಯಿಂದಲೇ, ನನ್ನ ಕೈಲಿ ಕೊಂಡು ತರಿಸಿದ್ದ, ತನ್ನ ಹೆಸರಿನ ಚೀಟಿಯ ಹಸಿ ಮರದ ತಂಬೂರಿಯೊಂದನ್ನೂ ಒಯ್ದ.

ಶಾಲು ಹೊದಿಸುವ ಮೊದಲು ವೇದಿಕೆ ಹತ್ತಿ ಒಳ್ಳೆಯದನ್ನು ಮೀಟಿದ. ಸಭೆ ತಲೆದೂಗಿತು. ಆಮೇಲೆ ಅಂಗಡಿಯದನ್ನು ಮೀಟಿದ.

“ಎರಡೂ ನಾನೇ ಮಾಡಿದ್ದು. ಇದು ಹಾಡೋರಿಗೆ, ಅದು ಗೋಡೆಗೆ. ಹೆಸರು ಹಾಕಬೇಡ ಅಂದಿದ್ದೆ. ಈ ಶೇಟ್ ನನ್ನ ಹೆಸರು ಹಾಕಿ ಹಾಡೋರಿಗೇ ಮಾರಿದ. ಕೊಂಡೋರು ನನ್ನ ಮನೆಗೆ ತನ್ನಿ, ಸರಿಮಾಡಿಕೊಡ್ತೀನಿ. ರಸೀದಿ ಮಾತ್ರ ಶೇಟ್ ಹತ್ರ ಒಯ್ಯಿರಿ.”

ವಾಘಚೌರೆ ಎದ್ದು, “ಉಂಡ ಮನೆಗೆ ಎರಡು ಬಗೀತೀಯೇನೋ?” ಎಂದ.

“ಉಂಡದ್ದು ನನ್ನ ಕೈ ದುಡಿಮೆ, ಶೇಟ್. ನೀನು ಉಂಡದ್ದು ನಮ್ಮಪ್ಪ ಗಳಿಸಿದ ಹೆಸರು.”

ಶಾಲು ತಟ್ಟೆಯಲ್ಲೇ ಉಳಿಯಿತು. ಕೊಂಡವರು ರಸೀದಿ ಹಿಡಿದು, ದುಡ್ಡು ವಾಪಸು ಕೇಳುತ್ತ ವಾಘಚೌರೆಯ ಹತ್ತಿರ ಬಂದರು. ವರ್ಷದೊಳಗೆ ವಾಘಚೌರೆಯ ಅಂಗಡಿ ಮುಚ್ಚಿತು. ಈಗ ಅವನು ಪ್ಲಾಸ್ಟಿಕ್ ಕುರ್ಚಿ ಮಾರುತ್ತಾನೆ. ಬಾಯಿಬಡುಕನಿಗೆ ಕೆಲಸ ಕೊಡಬಾರದೆಂದು ಬೇರೆ ವ್ಯಾಪಾರಿಗಳೂ ಬಾಬಾಲಾಲನನ್ನು ಕೈಬಿಟ್ಟರು. ರಿಪೇರಿಯಲ್ಲೇ ಅವನ ಸಂಸಾರ ಸಾಗಿದೆ. ವಾಪಸು ಬಂದವುಗಳಲ್ಲಿ ಸರಿಮಾಡಲಾಗದ ಹನ್ನೊಂದನ್ನು ರಜ್ಜಬಿ ಒಡೆದು ಒಲೆಗೆ ಹಾಕಿದಳು.

ಹೀಗೆ ಮಾಡಬಾರದಿತ್ತು ಅಂತ ಅನ್ನಿಸೋದಿಲ್ಲವೇ ಎಂದು ಒಮ್ಮೆ ಕೇಳಿದೆ.

“ಯಾಕನ್ನಿಸ್ತದೆ? ಕುರ್ಚಿ ಬೇಕಾದ್ರೆ ಅವನ ಹತ್ರಾನೇ ತಗೊಳ್ತೀನಿ. ಅವನು ಎದ್ದು ನಿಂತು ಕೊಡಬೇಕಲ್ಲ, ಅದನ್ನ ನೋಡಬೇಕು.”

ಬಾಬಾಲಾಲನ ಅಂಗಳದಲ್ಲಿ ಆಗಲೇ ಅಂಥ ನಾಲ್ಕು ಕುರ್ಚಿ ಇದ್ದವು.